ಇಲಿ ಬಿದ್ದರೆ ಊರು ಬಿಡಬೇಕೇ?

ಕಾರಟಗಿ ಸಮೀಪದ ಹಳ್ಳಿಯಿಂದ ನೀವು ಕೇಳಿರುವುದು ಇಷ್ಟು: ಭತ್ತದ ಚೀಲ ಒಟ್ಟಿದ ಕೋಣೆಯಲ್ಲಿ ಒಂದು ವಾರದೊಳಗೆ ಆರು ಇಲಿಗಳು ಸತ್ತು ಬಿದ್ದಿವೆ, ಅದೇ ವಾರ ಗಂಟಲು ಊದಿಕೊಂಡು ಒಂದು ಎಮ್ಮೆಯೂ ಸತ್ತಿದೆ, 'ಇಲಿ ಬಿದ್ದರೆ ಊರು ಬಿಡಬೇಕು' ಎಂದು ನಿಮ್ಮ ಅಜ್ಜಿ ಹಟ ಹಿಡಿದಿದ್ದಾರೆ, ಇದು ಪ್ಲೇಗೇ? ಗಂಗಾವತಿ ಕಡೆಯ ಹಳ್ಳಿಗಳಲ್ಲಿ ಪಶುವೈದ್ಯನಾಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ಆದ್ದರಿಂದ ಎಮ್ಮೆಯ ವಿಷಯದಲ್ಲಿ ಧೈರ್ಯವಾಗಿ, ಇಲಿಯ ವಿಷಯದಲ್ಲಿ ತುಸು ಅಳೆದು ಉತ್ತರಿಸುತ್ತೇನೆ.

ಅಜ್ಜಿಯವರ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕಬೇಡಿ. ಪ್ಲೇಗ್ 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು 1898ರಲ್ಲಿ ಬೆಂಗಳೂರನ್ನು ಮುಟ್ಟಿತು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ರಾಯಚೂರು ಮತ್ತು ಕೊಪ್ಪಳ ನಿಜಾಮರ ಆಡಳಿತದಲ್ಲಿದ್ದವು. ಸರ್ಕಾರ ಯಾರದೇ ಇರಲಿ, ಇಲಿ ಬಿದ್ದ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿಕೊಳ್ಳುವುದು ಆ ಕಾಲದ ಜನ ಕಂಡುಕೊಂಡ ಉಪಾಯವಾಗಿತ್ತು. ಅದೇ 1898ರಲ್ಲಿ ಫ್ರೆಂಚ್ ವೈದ್ಯ ಸೀಮಾಂಡ್ ಕರಾಚಿಯಲ್ಲಿ ನಡೆಸಿದ ಪ್ರಯೋಗದಿಂದ, ರೋಗವನ್ನು ಸಾಗಿಸುವುದು ಇಲಿಯ ಮೈಮೇಲಿನ ಚಿಗಟ ಎಂದು ತಿಳಿಯಿತು. ಸತ್ತ ಇಲಿಯ ಮೈ ತಣ್ಣಗಾಗುತ್ತಿದ್ದಂತೆ ಚಿಗಟಗಳು ಬೇರೆ ಬಿಸಿ ಮೈಯನ್ನು ಹುಡುಕಿ ಹೊರಡುತ್ತವೆ. ರೋಗಾಣು ಚಿಗಟದ ಜಠರದ ಬಾಯಲ್ಲಿ ಗಡ್ಡೆಕಟ್ಟಿ ದಾರಿ ಮುಚ್ಚಿಬಿಡುವುದರಿಂದ, ಹೀರಿದ ರಕ್ತ ಒಳಗಿಳಿಯದೆ ಹಸಿವು ತೀರದ ಆ ಹುಳು ಮತ್ತೆ ಮತ್ತೆ ಕಚ್ಚುತ್ತದೆ, ಕಚ್ಚಿದಾಗಲೆಲ್ಲ ರೋಗಾಣುವನ್ನು ಗಾಯದೊಳಕ್ಕೆ ಕಕ್ಕುತ್ತದೆ. ನಮ್ಮ ಹಿರಿಯರಿಗೆ ಇದಾವುದೂ ತಿಳಿದಿರಲಿಲ್ಲ, ಆದರೆ ಮನೆ ಬಿಟ್ಟವರು ಚಿಗಟದಿಂದಲೂ ದೂರವಾಗುತ್ತಿದ್ದರು.

ಈಗ ನಿಮ್ಮ ಆರು ಇಲಿಗಳ ವಿಷಯ. ಮನೆಯಲ್ಲಾಗಲಿ, ಪಕ್ಕದ ರೈಸ್ ಮಿಲ್ಲಿನಲ್ಲಾಗಲಿ ಯಾರಾದರೂ ಪಾಷಾಣ ಇಟ್ಟಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಕೆಲವು ಪಾಷಾಣಗಳು ತಿಂದು ನಾಲ್ಕಾರು ದಿನಗಳ ಮೇಲೆ ಕೊಲ್ಲುವುದರಿಂದ, ಸಾವುಗಳು ವಾರವಿಡೀ ಹರಡಿಕೊಂಡು ರೋಗದಂತೆಯೇ ಕಾಣುತ್ತವೆ. ಇನ್ನು ಪ್ಲೇಗಿನ ಮಾತು: ಭಾರತದಲ್ಲಿ 1994ರ ಸೂರತ್ ಮತ್ತು 2002ರ ಶಿಮ್ಲಾ ಜಿಲ್ಲೆಯ ಪ್ಲೇಗ್ ಪ್ರಕರಣಗಳು ಸುದ್ದಿಯಾದವು. ಇಂದು ಪ್ಲೇಗ್ ಹೆಚ್ಚಾಗಿ ಕಾಣುವುದು ಮಡಗಾಸ್ಕರ್, ಕಾಂಗೋ ಕಡೆ. ಯಾರೂ ಪಾಷಾಣ ಇಟ್ಟಿಲ್ಲವೆಂದು ಖಚಿತವಾದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮೊದಲು ಕೀಟನಾಶಕ ಸಿಂಪಡಿಸಿ, ಬಳಿಕ ಕೈಗವಸು ಹಾಕಿಕೊಂಡು ಎತ್ತಿ. ಉಳಿದ ಇಲಿಗಳಿಗೆ ಅವಸರದಲ್ಲಿ ಪಾಷಾಣ ಇಡುವುದೂ ಬೇಡ, ಏಕೆಂದರೆ ಚಿಗಟ ಸಾಯುವ ಮುನ್ನ ಇಲಿ ಸತ್ತರೆ ಆ ಚಿಗಟ ಬರುವುದು ನಿಮ್ಮ ಕಾಲಿಗೇ. ಒಂದು ವಾರದೊಳಗೆ ಮನೆಯಲ್ಲಿ ಯಾರಿಗಾದರೂ ಚಳಿಜ್ವರ ಬಂದು ತೊಡೆಸಂದಿನಲ್ಲೋ ಕಂಕುಳಲ್ಲೋ ನೋಯುವ ಗಂಟು ಎದ್ದರೆ, ತಡಮಾಡದೆ ಆಸ್ಪತ್ರೆಗೆ ಹೋಗಿ ಇಲಿಗಳ ವಿಷಯವನ್ನು ವೈದ್ಯರಿಗೆ ಹೇಳಿ. ಪ್ಲೇಗೇ ಆಗಿದ್ದರೂ ಬೇಗ ಕೊಟ್ಟ ಜೆಂಟಾಮೈಸಿನ್, ಡಾಕ್ಸಿಸೈಕ್ಲಿನ್‌ನಂತಹ ಔಷಧಗಳಿಗೆ ಅದು ಬಗ್ಗುತ್ತದೆ.

ನಿಮ್ಮ ಎಮ್ಮೆ ಸತ್ತದ್ದು ಇಲಿಯಿಂದಲ್ಲ. ಮೊದಲ ಮಳೆ ಬಿದ್ದ ದಿನಗಳಲ್ಲಿ ವಿಪರೀತ ಜ್ವರ, ಜೊಲ್ಲು, ಗಂಟಲಿನ ಕೆಳಗೆ ಬಿಸಿಯಾದ ಊತ, ಗೊರಗೊರ ಉಸಿರು, ಒಂದು ದಿನದೊಳಗೆ ಸಾವು: ಇದು ಗಳಲೆ ರೋಗದ ಲಕ್ಷಣ. ಇಂತಹ ರಾಸಿನ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಎರಡೂ ತುದಿ ಕಪ್ಪಾಗಿ ನಡುವೆ ಬೆಳ್ಳಗಿರುವ ಪುಟ್ಟ ಕಡ್ಡಿಯಾಕಾರದ ರೋಗಾಣುಗಳು ಸೇಫ್ಟಿ ಪಿನ್ನಿನಂತೆ ಕಾಣುತ್ತವೆ. ಪ್ಲೇಗಿನ ರೋಗಾಣುವೂ ಹೀಗೆಯೇ ಕಾಣುತ್ತದೆ. ಬಹುಕಾಲ ಎರಡಕ್ಕೂ ಪಾಶ್ಚುರೆಲ್ಲಾ ಎಂಬ ಒಂದೇ ಮನೆತನದ ಹೆಸರಿತ್ತು. 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಪ್ಲೇಗಿನ ರೋಗಾಣುವನ್ನು ಕಂಡುಹಿಡಿದ ಯೆರ್ಸಿನ್ ಅವರ ನೆನಪಿಗೆ ಪ್ಲೇಗಿನದನ್ನು ಯೆರ್ಸಿನಿಯಾ ಎಂದು ಬೇರೆಮಾಡಿದ್ದು ಆಮೇಲೆ. ಗಳಲೆಯ ರೋಗಾಣು ಆರೋಗ್ಯವಂತ ರಾಸುಗಳ ಗಂಟಲಿನಲ್ಲೂ ಸುಮ್ಮನೆ ಅಡಗಿದ್ದು, ಮಳೆ, ದಣಿವು, ಮೇವಿನ ಕೊರತೆ ಸೇರಿದಾಗ ತಲೆ ಎತ್ತುತ್ತದೆ. ಉಳಿದ ಎಮ್ಮೆಗಳ ಜ್ವರ ನೋಡಿಸಿ, ಜ್ವರವಿಲ್ಲದವಕ್ಕೆ ತಕ್ಷಣ ಲಸಿಕೆ ಹಾಕಿಸಿ, ಮುಂದೆ ಪ್ರತಿವರ್ಷ ಮಳೆಗಾಲಕ್ಕೆ ಮುನ್ನ ಹಾಕಿಸಿ. ಹಾಂ, ಸತ್ತ ಎಮ್ಮೆಯ ಮೂಗಿನಿಂದಲೋ ಗುದದಿಂದಲೋ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಅದು ನೆರಡಿ, ಅಂದರೆ ಅಂಥ್ರಾಕ್ಸ್ ಇರಬಹುದು; ಹಾಗಿದ್ದರೆ ಆ ಹೆಣವನ್ನು ಯಾರೂ ಕೊಯ್ಯಕೂಡದು, ತೊಗಲು ಸುಲಿಯಕೂಡದು.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ ಒಂದು ವಿಷಯವೇ ನನ್ನನ್ನು ಹೆಚ್ಚು ಕಾಡುತ್ತಿದೆ. ಕಾಲುವೆ ನೀರಿನ ಭತ್ತದ ಸೀಮೆಯಲ್ಲಿ ಪ್ಲೇಗಿಗಿಂತ ಭಯಪಡಬೇಕಾದದ್ದು ಇಲಿ ಜ್ವರಕ್ಕೆ. ಇಲಿ, ಹೆಗ್ಗಣಗಳ ಮೂತ್ರ ಬೆರೆತ ಗದ್ದೆಯ ನೀರು ಒಡೆದ ಹಿಮ್ಮಡಿಯ ಮೂಲಕ ಮೈಸೇರಿ, ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು, ಕೆಲವರಲ್ಲಿ ಕಾಮಾಲೆ ತರುತ್ತದೆ. ಆರಂಭದಲ್ಲಿ ಅದು ಡೆಂಗಿ ಅಥವಾ ಟೈಫಾಯ್ಡ್‌ನಂತೆಯೇ ತೋರುವುದರಿಂದ, ನಾಟಿ ಮಾಡಿ ಬಂದವರಿಗೆ ಜ್ವರ ಬಂದರೆ, ಗದ್ದೆಯ ಕೆಸರಿನಲ್ಲಿ ನಿಂತಿದ್ದೆವು ಎಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಬೇಕು.