ಕೆನಡಿ ದೇಹ ಬಂದದ್ದು ಯಾವ ಪೆಟ್ಟಿಗೆಯಲ್ಲಿ?

ಪ್ರಶ್ನೆ: ಅಮೆರಿಕದ ಅಧ್ಯಕ್ಷ ಕೆನಡಿ ಅವರ ದೇಹ ಡಲ್ಲಾಸ್‌ನಿಂದ ಹೊರಟಿದ್ದು ಒಂದು ಪೆಟ್ಟಿಗೆಯಲ್ಲಿ, ಪೋಸ್ಟ್‌ಮಾರ್ಟಂಗೆ ಬಂದದ್ದು ಇನ್ನೊಂದರಲ್ಲಿ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ದಾರಿಯಲ್ಲಿ ಬದಲಾಯಿಸಿದರಾ ಸಾರ್? ಆ ಪೆಟ್ಟಿಗೆ ಈಗ ಎಲ್ಲಿದೆ?
- ಓದುಗರೊಬ್ಬರು, ದಾವಣಗೆರೆ

ಉತ್ತರ: ಬದಲಾಯಿಸಿದ್ದಕ್ಕೆ ಪುರಾವೆ ಇಲ್ಲ. ಆದರೆ ಅಲ್ಲಿದ್ದವರ ಹೇಳಿಕೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ ಅನ್ನುವುದು ನಿಜ, ಅದು ವಿಡಿಯೋದವರು ಕಟ್ಟಿದ ಕಥೆಯಲ್ಲ.

ಮೊದಲು ಜಗಳವಿಲ್ಲದ ಭಾಗ. 1963ರ ನವೆಂಬರ್ 22ರಂದು ಗುಂಡೇಟು ಬಿದ್ದ ಕೆನಡಿ ಡಲ್ಲಾಸ್‌ನ ಪಾರ್ಕ್‌ಲ್ಯಾಂಡ್ ಆಸ್ಪತ್ರೆಯಲ್ಲಿ ತೀರಿಕೊಂಡ ಮೇಲೆ ಒಂದು ಭಾರಿ ಕಂಚಿನ ಪೆಟ್ಟಿಗೆ ತರಿಸಿದರು. ತಲೆಯ ಗಾಯ ಸೋರುತ್ತಿತ್ತು. ಒಳಗಿನ ಬಟ್ಟೆಗೆ ರಕ್ತ ಹತ್ತಬಾರದು ಅಂತ ಪ್ಲಾಸ್ಟಿಕ್ ಹಾಳೆ ಹಾಸಿ, ತಲೆಗೂ ಮೈಗೂ ಬೆಡ್‌ಶೀಟ್ ಸುತ್ತಿ ಮಲಗಿಸಿದರು. ಈ ಪ್ಲಾಸ್ಟಿಕ್ ನೆನಪಿರಲಿ. ವಿಮಾನ ಸಂಜೆ ಸುಮಾರು 6ಕ್ಕೆ ವಾಷಿಂಗ್ಟನ್ ಪಕ್ಕದ ಆಂಡ್ರೂಸ್ ವಾಯುನೆಲೆಗೆ ಬಂತು. ಪೆಟ್ಟಿಗೆಯನ್ನು ಆಂಬುಲೆನ್ಸ್‌ಗೆ ಹಾಕಿದ್ದನ್ನು ಟಿವಿಯಲ್ಲಿ ಇಡೀ ದೇಶ ನೋಡಿತು. ಹೆಂಡತಿ ಜಾಕಿ, ತಮ್ಮ ರಾಬರ್ಟ್ ಅದರಲ್ಲೇ ಕೂತು, ಪೋಸ್ಟ್‌ಮಾರ್ಟಂ ನಡೆದ ಬೆಥೆಸ್ಡಾ ನೌಕಾ ಆಸ್ಪತ್ರೆ ತಲುಪಿದಾಗ ಏಳಾಗುತ್ತಾ ಬಂದಿತ್ತು.

ಗೋಜಲು ಶುರುವಾಗುವುದು ಇಲ್ಲಿ. ಶವಾಗಾರದ ಕಾವಲಿಗಿದ್ದ ಮರೀನ್ ಸಾರ್ಜೆಂಟ್ ನಾಲ್ಕೇ ದಿನಕ್ಕೆ ಬರೆದ ವರದಿಯಲ್ಲಿ ಪೆಟ್ಟಿಗೆ ಬಂದ ಹೊತ್ತು 6:35 ಅಂತಿದೆ, ಅಂದರೆ ಜಾಕಿ ಕೂತಿದ್ದ ಆಂಬುಲೆನ್ಸ್ ಇನ್ನೂ ರಸ್ತೆಯಲ್ಲಿದ್ದಾಗ! ಜೊತೆಗಿದ್ದ ಎಫ್‌ಬಿಐ ಏಜೆಂಟರು ಪೋಸ್ಟ್‌ಮಾರ್ಟಂ ತಯಾರಿಗೆ ಕೊಟ್ಟ ಸಮಯ 7:17. ಗೌರವ ಪಡೆಯ ಲೆಫ್ಟಿನೆಂಟ್ ವರದಿಯಲ್ಲಿ ತಮ್ಮವರು ಪೆಟ್ಟಿಗೆ ಹೊತ್ತು ತಂದದ್ದು 8ಕ್ಕೆ. ಕತ್ತಲಲ್ಲಿ ಆಂಬುಲೆನ್ಸ್ ಕಣ್ತಪ್ಪಿ ಆಸ್ಪತ್ರೆ ಆವರಣದಲ್ಲೇ ಹುಡುಕಾಡಿದೆವು ಅಂತ ಆ ಪಡೆಯವರೇ ಹೇಳಿದ್ದಾರೆ, ಹಾಗಾಗಿ ಅವರ ತಡ ಅರ್ಥವಾಗುತ್ತದೆ. 6:35ಕ್ಕೆ ಮಾತ್ರ ಎಲ್ಲರೂ ಒಪ್ಪುವ ಉತ್ತರ ಸಿಕ್ಕಿಲ್ಲ.

ಬೇರೆ ಪೆಟ್ಟಿಗೆಯ ಮಾತು ಬಂದದ್ದು ತುಂಬಾ ತಡವಾಗಿ. 1970ರ ದಶಕದಲ್ಲಿ ಸಂಸತ್ತಿನ ಸಮಿತಿ ವಿಚಾರಿಸಿದಾಗ ಶವಾಗಾರದ ಒಬ್ಬ ಸಹಾಯಕರು, ದೇಹ ಸಾದಾ ಪೆಟ್ಟಿಗೆಯಲ್ಲಿ, ಜಿಪ್ ಇರುವ ಚೀಲದಲ್ಲಿ ಬಂತು ಅಂದರು. ಆದರೆ ಆ ವಾರವೇ ಎಫ್‌ಬಿಐನವರು ಬರೆದುಕೊಂಡದ್ದರಲ್ಲಿ ಇರುವುದು ಬೆಡ್‌ಶೀಟ್, ಚೀಲವಲ್ಲ. ಡಲ್ಲಾಸ್‌ನಲ್ಲಿ ಹಾಸಿದ ಪ್ಲಾಸ್ಟಿಕ್ಕೇ ಹತ್ತಾರು ವರ್ಷ ಕಳೆದು ಚೀಲವಾಗಿರಬಹುದು ಅಂತ ನನ್ನ ಅನಿಸಿಕೆ. ಸುಳ್ಳು ಹೇಳಿದರು ಅಂತ ನಾನು ಹೇಳಲಾರೆ. ಆದರೆ ನೆನಪನ್ನೂ ಆಗಲೇ ಬರೆದಿಟ್ಟ ಕಾಗದವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಅಲ್ವಾ? ಇದೇ ನ್ಯಾಯಕ್ಕೆ ಸಾರ್ಜೆಂಟ್ ಕಾಗದವನ್ನೂ ಸುಮ್ನೆ ತಳ್ಳಿಹಾಕುವ ಹಾಗಿಲ್ಲ.

ಕಂಚಿನ ಪೆಟ್ಟಿಗೆ ಸಮುದ್ರದ ತಳದಲ್ಲಿದೆ. ಸಾಗಿಸುವಾಗ ಅದರ ಹಿಡಿ ಮುರಿದಿತ್ತು, ಕೆನಡಿಯವರನ್ನು ಮಣ್ಣು ಮಾಡಿದ್ದು ಬೇರೆ ಮರದ ಪೆಟ್ಟಿಗೆಯಲ್ಲಿ. ಹಳೆಯದು ಪ್ರದರ್ಶನದ ವಸ್ತುವಾಗಬಾರದು ಅಂತ 1966ರ ಫೆಬ್ರವರಿಯಲ್ಲಿ ತೂತು ಕೊರೆದು, ಮರಳು ಮೂಟೆ ತುಂಬಿ, ವಿಮಾನದಿಂದ ಅಟ್ಲಾಂಟಿಕ್‌ಗೆ ಬಿಟ್ಟರು. ಈ ವಿಷಯ ಹೊರಬಂದದ್ದು 1999ರಲ್ಲಿ.

ನನಗೆ ಜಾಸ್ತಿ ಬೇಸರವಾಗುವುದು ಇನ್ನೊಂದು ವಿಷಯಕ್ಕೆ. ಆಗ ಅಧ್ಯಕ್ಷರ ಕೊಲೆ ಕೂಡ ಆಯಾ ರಾಜ್ಯದ ಅಪರಾಧವೇ ಆಗಿತ್ತು, ಕಾನೂನು ಪ್ರಕಾರ ಪೋಸ್ಟ್‌ಮಾರ್ಟಂ ಡಲ್ಲಾಸ್‌ನಲ್ಲೇ ಆಗಬೇಕಿತ್ತು. ಅಲ್ಲಿನ ವೈದ್ಯಾಧಿಕಾರಿ ಅರ್ಲ್ ರೋಸ್ ಹಾಗಂತ ದಾರಿಗೆ ಅಡ್ಡ ನಿಂತರು. ಗಂಡನ ದೇಹ ಬಿಟ್ಟು ಜಾಕಿ ಕದಲಲಿಲ್ಲ, ಜಾಕಿಯನ್ನು ಬಿಟ್ಟು ಹೊಸ ಅಧ್ಯಕ್ಷ ಜಾನ್ಸನ್ ಹೊರಡಲೊಪ್ಪಲಿಲ್ಲ, ಭದ್ರತೆಯವರು ರೋಸ್ ಅವರನ್ನು ಸರಿಸಿ ಪೆಟ್ಟಿಗೆ ತೆಗೆದುಕೊಂಡು ಹೋದರು. ಆ ಹೆಂಗಸಿನ ಸಂಕಟ ಯಾರಿಗಾದರೂ ಅರ್ಥವಾಗುತ್ತದೆ. ಆದರೂ ರೋಸ್ ಹೇಳಿದ್ದೇ ಸರಿಯಿತ್ತು. ದೇಹ ಅಲ್ಲೇ ಉಳಿದಿದ್ದರೆ ಈ ಸಾಗಾಟದ ಜಗಳವೇ ಹುಟ್ಟುತ್ತಿರಲಿಲ್ಲ. ಅಧ್ಯಕ್ಷರ ಹತ್ಯೆಯನ್ನು ಕೇಂದ್ರದ ಅಪರಾಧ ಮಾಡಿ ಕಾನೂನು ತಂದದ್ದು 1965ರಲ್ಲಿ.