ಲೈಟ್ ಯಾರು ಆರಿಸಬೇಕು?

ಸಂಪಾದಕರ ಉತ್ತರ

ಈ ತಿಂಗಳು ಬಂದ ಕಾಗದಗಳಲ್ಲಿ ಒಂದಕ್ಕೆ ಎರಡು ಸಾಲಿನ ಉತ್ತರ ಬರೆದು ಮುಗಿಸಲು ಮನಸ್ಸಾಗಲಿಲ್ಲ. ಬರೆದವಳು ಕೊಪ್ಪಳ ಕಡೆಯ ಹಳ್ಳಿಯ ಹುಡುಗಿ. ಊರಿಂದ ದೂರದ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎ. ಮೊದಲ ವರ್ಷ. ಹಾಸ್ಟೆಲ್‌ನಲ್ಲಿ ಇಬ್ಬರಿಗೊಂದು ಕೋಣೆ. ಅವಳು ಬರೆದಿರುವುದು ಇಷ್ಟು:

"ಅಕ್ಕಾ, ನನ್ನ ರೂಮ್‌ಮೇಟ್ ಕೆಟ್ಟವಳಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ ಫೋನ್ ಹಿಡಿದರೆ ಒಂದು ಗಂಟೆಯ ತನಕ ಮಾತಾಡುತ್ತಾಳೆ. ಟ್ಯೂಬ್‌ಲೈಟ್ ಉರಿಯುತ್ತಲೇ ಇರುತ್ತದೆ. ನಾನು ಗೋಡೆ ಕಡೆ ತಿರುಗಿ, ಮುಖದ ಮೇಲೆ ದುಪಟ್ಟಾ ಹಾಕಿಕೊಂಡು ಮಲಗುತ್ತೇನೆ. ಬೆಳಿಗ್ಗೆ ಐದಕ್ಕೆ ಏಳುವ ರೂಢಿ. ಮೂರು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ. ಕ್ಲಾಸಿನಲ್ಲಿ ತಲೆನೋವು. ಅಮ್ಮನಿಗೆ ಹೇಳಿದರೆ ಅವಳು ಯಾವ ಜನ ಅಂತ ಕೇಳಿದಳು. ಗೆಳತಿಯರು ಅಡ್ಜಸ್ಟ್ ಮಾಡ್ಕೋ ಅಂತಾರೆ. ಪಿ.ಜಿ.ಗೆ ಹೋಗೋಣ ಎಂದರೆ ಅಪ್ಪನಿಗೆ ಭಾರ. ನಮ್ಮ ಮನೆಯ ಪಡಸಾಲೆಯಲ್ಲಿ ಒಂಬತ್ತು ಜನ ಸಾಲಾಗಿ ಮಲಗುತ್ತಿದ್ದೆವು. ಅಲ್ಲಿ ಬರುತ್ತಿದ್ದ ನಿದ್ದೆ ಇಲ್ಲಿ ಇಬ್ಬರೇ ಇರುವ ಕೋಣೆಯಲ್ಲಿ ಯಾಕೆ ಬರುವುದಿಲ್ಲ?"

ತಂಗೀ, ಅಕ್ಕಾ ಎಂದು ಕರೆದಿದ್ದೀಯ. ಹಾಗಾಗಿ ನೀನು ಎಂದೇ ಬರೆಯುತ್ತೇನೆ.

ನಿನ್ನ ಕೊನೆಯ ಪ್ರಶ್ನೆಯನ್ನು ಎರಡು ದಿನ ಯೋಚಿಸಿದೆ. ಪಡಸಾಲೆಯಲ್ಲಿ ಒಂಬತ್ತು ಜನ ಇದ್ದರೂ ರಾತ್ರಿ ಒಂದೇ ಇತ್ತು. ಅಜ್ಜ ಒಂದು ಸಲ ಕೆಮ್ಮಿ "ಸಾಕ್ರಿನ್ನ, ಲೈಟ್ ಆರ್ಸ್ರಿ" ಎಂದರೆ ಎಲ್ಲರಿಗೂ ಕತ್ತಲಾಗುತ್ತಿತ್ತು. ಬೆಳಗಾಗುವುದೂ ಒಟ್ಟಿಗೇ. ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಈಗ ನೀನಿರುವ ಕೋಣೆಯಲ್ಲಿ ಆ ಅಜ್ಜ ಇಲ್ಲ. ಒಂದೇ ವಯಸ್ಸಿನ, ಒಂದೇ ಹಕ್ಕಿನ ಇಬ್ಬರು ಹುಡುಗಿಯರಿದ್ದೀರಿ. ಲೈಟ್ ಯಾವಾಗ ಆರಬೇಕು ಎಂದು ನೀವಿಬ್ಬರೂ ಇನ್ನೂ ಮಾತಾಡಿಕೊಂಡಿಲ್ಲ. ಸಮಾನರಾಗಿ ಕೂತು ಇಂಥದ್ದನ್ನು ತೀರ್ಮಾನ ಮಾಡುವುದನ್ನು ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಯಾರು ಕಲಿಸಿದ್ದಾರೆ ಹೇಳು? ನಿನಗೂ ಕಲಿಸಿಲ್ಲ, ಅವಳಿಗೂ ಕಲಿಸಿರಲಿಕ್ಕಿಲ್ಲ.

ನನ್ನದೊಂದು ಕಥೆ ಹೇಳುತ್ತೇನೆ. 1987ರಲ್ಲಿ ನಾನು ಮೈಸೂರಿನಲ್ಲಿ ಹಾಸ್ಟೆಲ್ ಸೇರಿದೆ. ನನ್ನದು ಹಾಸನ ಕಡೆ, ಕೋಣೆಯಲ್ಲಿ ಜೊತೆಗೆ ಸಿಕ್ಕವಳು ಬೀದರ್ ಕಡೆಯವಳು. ನಾನು ರಾತ್ರಿ ಓದುವವಳು, ಅವಳು ಬೆಳಗಿನ ಜಾವ ನಾಲ್ಕಕ್ಕೆ ಏಳುವವಳು. ಅವಳ ಹತ್ತಿರ ಕೀಲಿ ಕೊಡುವ ಅಲಾರಾಂ ಗಡಿಯಾರ ಇತ್ತು. ಅದನ್ನು ಸ್ಟೀಲ್ ತಟ್ಟೆಯ ಮೇಲೆ ಇಟ್ಟು ಮಲಗುತ್ತಿದ್ದಳು. ನಾಲ್ಕಕ್ಕೆ ಅದು ಬಡಿದುಕೊಂಡರೆ ನನ್ನ ಎದೆಯೇ ನಡುಗುತ್ತಿತ್ತು. ಆಮೇಲೆ ಅವಳು ಗಟ್ಟಿಯಾಗಿ ಓದಲು ಕೂರುತ್ತಿದ್ದಳು.

ನಾನು ಅವಳಿಗೆ ಏನೂ ಹೇಳಲಿಲ್ಲ. ಒಂದು ತಿಂಗಳು ಸುಮ್ನಿದ್ದು, ನೇರವಾಗಿ ವಾರ್ಡನ್ ಹತ್ತಿರ ಹೋಗಿ ದೂರು ಕೊಟ್ಟೆ. ವಾರ್ಡನ್ ಅವಳನ್ನು ಕರೆಸಿ ನಾಲ್ಕು ಜನರ ಎದುರು ಕೇಳಿದರು. ಅವಳು ಕೋಣೆಗೆ ಬಂದು ಮಂಚದ ಮೇಲೆ ಕೂತು ಒಂದೇ ಮಾತು ಹೇಳಿದಳು: "ನನಗ ಹೇಳಬೇಕಿತ್ತಲ್ಲ." ಮೂರು ವಾರ ನಾವಿಬ್ಬರೂ ಮಾತಾಡಲಿಲ್ಲ. ನಿದ್ದೆಗೆಟ್ಟ ತಿಂಗಳಿಗಿಂತ ಆ ಮೂರು ವಾರವೇ ನನಗೆ ಕಷ್ಟವಾಗಿತ್ತು. ಕೊನೆಗೆ ಒಂದು ಸಂಜೆ ಅವಳೇ ಊರಿಂದ ಬಂದ ಶೇಂಗಾ ಹಿಂಡಿಯ ಡಬ್ಬಿ ನನ್ನ ಮುಂದೆ ಇಟ್ಟಳು. ಆಗ ಮಾತು ಶುರುವಾಯಿತು. ಗಟ್ಟಿಯಾಗಿ ಓದದಿದ್ದರೆ ಅವಳ ತಲೆಗೆ ಹತ್ತುತ್ತಿರಲಿಲ್ಲವಂತೆ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು, ಫೇಲಾದರೆ ಮದುವೆ ಎಂದು ಹೇಳಿ ಕಳಿಸಿದ್ದರು. ಗಡಿಯಾರ ತಟ್ಟೆಯಿಂದ ಅವಳ ದಿಂಬಿನ ಕೆಳಗೆ ಹೋಯಿತು. ಓದು ಊಟದ ಹಾಲ್‌ಗೆ ಹೋಯಿತು. ನನ್ನ ಟೇಬಲ್ ಲ್ಯಾಂಪ್‌ಗೆ ರಟ್ಟಿನ ಮರೆ ಬಂತು. ಇದೆಲ್ಲ ಅರ್ಧ ಗಂಟೆಯ ಮಾತಿನಲ್ಲಿ ಆಯಿತು. ಅಷ್ಟು ಮಾತಿಗೆ ನಾವು ಎರಡು ತಿಂಗಳು ಕಳೆದಿದ್ದೆವು.

ನಿನ್ನ ನಿದ್ದೆಯ ವಿಷಯ ಸಣ್ಣದಲ್ಲ. ನಿನ್ನ ವಯಸ್ಸಿಗೆ ಏಳರಿಂದ ಒಂಬತ್ತು ಗಂಟೆ ನಿದ್ದೆ ಬೇಕು. ಒಂದಕ್ಕೆ ಮಲಗಿ ಐದಕ್ಕೆ ಎದ್ದರೆ ನಾಲ್ಕೇ ಗಂಟೆ. ತಲೆನೋವು ಬರದೆ ಇನ್ನೇನಾಗುತ್ತದೆ? ಕತ್ತಲಾದ ಮೇಲೆ ಮಿದುಳಿನಲ್ಲಿ ಮೆಲಟೋನಿನ್ ಎಂಬ ಹಾರ್ಮೋನು ಹೆಚ್ಚಾಗಿ, ಮಲಗುವ ಹೊತ್ತಾಯಿತು ಎಂದು ದೇಹಕ್ಕೆ ತಿಳಿಸುತ್ತದೆ. ಬೆಳಕು ಅದನ್ನು ತಡೆಯುತ್ತದೆ. ಇನ್ನು ಫೋನ್ ಮಾತು. 2010ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಪ್ರಯೋಗ ಮಾಡಿದ್ದರು. ಇಬ್ಬರ ಮಾತು ಪೂರ್ತಿ ಕೇಳಿಸಿದಾಗ ಆಗದಷ್ಟು ತೊಂದರೆ ಒಬ್ಬರ ಮಾತು ಮಾತ್ರ ಕೇಳಿಸಿದಾಗ ಆಗಿತ್ತು. ಆ ಕಡೆಯವರು ಏನಂದರು ಎಂದು ಮನಸ್ಸು ತಾನಾಗಿಯೇ ಹುಡುಕುತ್ತದೆ. ಅವರು ನೋಡಿದ್ದು ಎಚ್ಚರವಿದ್ದವರ ಗಮನವನ್ನು. ಆದರೆ ನಿದ್ದೆಗಾಗಿ ಕಾಯುತ್ತಾ ಮಲಗಿರುವವಳೂ ಎಚ್ಚರವಾಗಿಯೇ ಇರುತ್ತಾಳೆ, ಅಲ್ವಾ? ಪಡಸಾಲೆಯ ಗೊರಕೆಗೆ ಬಂದ ನಿದ್ದೆ ಈ ಪಿಸುಮಾತಿಗೆ ಬರದಿದ್ದರೆ ಅದು ನಿನ್ನ ತಪ್ಪಲ್ಲ.

ಅವಳ ಕಡೆಯದೂ ಒಂದು ಮಾತಿದೆ. ಹದಿಹರೆಯದಲ್ಲಿ ದೇಹದ ಗಡಿಯಾರ ತಡರಾತ್ರಿಯ ಕಡೆ ಸರಿಯುತ್ತದೆ. ಇಪ್ಪತ್ತರ ಆಸುಪಾಸಿನ ಎಷ್ಟೋ ಜನಕ್ಕೆ ಹನ್ನೊಂದಕ್ಕೆ ನಿಜವಾಗಿಯೂ ನಿದ್ದೆ ಬರುವುದಿಲ್ಲ. ಅದನ್ನು ಕೊಬ್ಬು ಎಂದುಕೊಳ್ಳಬೇಡ.

ಅಡ್ಜಸ್ಟ್ ಎಂಬ ಪದದ ಬಗ್ಗೆ ನನಗೆ ಸಿಟ್ಟಿದೆ. ಬಸ್ಸಿನಲ್ಲಿ ಮೂರು ಜನರ ಸೀಟಿಗೆ ನಾಲ್ಕನೆಯವರು ಬಂದು "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎನ್ನುತ್ತಾರೆ. ಬಾಯಿಬಿಟ್ಟು ಕೇಳುತ್ತಾರೆ, ನಾವು ಸರಿಯುತ್ತೇವೆ. ನಿನ್ನ ಗೆಳತಿಯರು ಹೇಳುತ್ತಿರುವುದು ಬಾಯಿಮುಚ್ಚಿ ಸಹಿಸಿಕೋ ಎಂದು. ಹಾಗೆ ಸಹಿಸಿದ್ದು ಒಂದು ದಿನ ಬಕೆಟ್ಟಿನ ಜಗಳವಾಗಿಯೋ ಸೋಪಿನ ಜಗಳವಾಗಿಯೋ ಹೊರಗೆ ಬರುತ್ತದೆ.

ಆದ್ದರಿಂದ ಕೇಳು. ರಾತ್ರಿ ಒಂದು ಗಂಟೆಗೆ, ಸಿಟ್ಟು ಬಂದಾಗ ಮಾತ್ರ ಬೇಡ. ಭಾನುವಾರ ಚಹಾ ಕುಡಿಯುವಾಗ ಕೇಳು. "ನೀನು ಯಾವಾಗಲೂ ಹೀಗೇ" ಎಂದು ಶುರು ಮಾಡಬೇಡ. "ನನಗೆ ಮೂರು ತಿಂಗಳಿಂದ ನಿದ್ದೆ ಆಗ್ತಿಲ್ಲ, ಏನಾದ್ರೂ ಮಾಡೋಣ" ಎನ್ನು. ಕೇಳುವುದು ಎರಡೇ ಇರಲಿ: ಹನ್ನೊಂದೂವರೆಗೆ ಟ್ಯೂಬ್‌ಲೈಟ್ ಆರಲಿ, ಆಮೇಲೆ ಬೇಕಾದರೆ ಟೇಬಲ್ ಲ್ಯಾಂಪ್. ಫೋನ್ ಕಾರಿಡಾರಿನಲ್ಲಿ. ಯಾರ ಜೊತೆ ಮಾತಾಡುತ್ತಾಳೆ ಎಂದು ಕೇಳಬೇಡ. ಅದು ಅವಳ ವಿಷಯ, ಅವಳ ಮನೆಯವರ ಕಿವಿಗೂ ನಿನ್ನಿಂದ ಹೋಗಬಾರದು. ಆಮೇಲೆ, ನಿನ್ನಿಂದ ಅವಳಿಗೆ ಏನು ತೊಂದರೆ ಎಂದೂ ಕೇಳು. ಐದಕ್ಕೆ ಏಳುವವರು ಮಾಡುವ ಸದ್ದು ಅವರಿಗೆ ಗೊತ್ತಾಗುವುದಿಲ್ಲ. ಚಿಲಕ, ಬಕೆಟ್, ಬ್ಯಾಗಿನೊಳಗೆ ಪರಪರ ಎನ್ನುವ ಪ್ಲಾಸ್ಟಿಕ್ ಕವರ್. ಬಟ್ಟೆ ರಾತ್ರಿಯೇ ತೆಗೆದಿಟ್ಟುಕೋ.

ನಿನ್ನಮ್ಮ ಕೇಳಿದ ಪ್ರಶ್ನೆಯನ್ನೂ ಬಿಡಲಾರೆ. ಹಳೆಯ ಮೈಸೂರು ಸಂಸ್ಥಾನದಲ್ಲಿ ಹಲವು ಸಮುದಾಯಗಳು ತಮ್ಮ ತಮ್ಮ ಮಕ್ಕಳಿಗೆ ಹಾಸ್ಟೆಲ್ ಕಟ್ಟಿದ್ದವು. ಹಳ್ಳಿಯಿಂದ ಬಂದ ಎಷ್ಟೋ ಹುಡುಗರು ಓದಿದ್ದು ಅವುಗಳಿಂದ, ಆ ಋಣ ದೊಡ್ಡದು. ಆದರೆ ಅಲ್ಲಿ ಪಕ್ಕದ ಚಾಪೆಯವನೂ ತಮ್ಮವನೇ. ವಿಶ್ವವಿದ್ಯಾಲಯದ ಹಾಸ್ಟೆಲ್‌ನಲ್ಲಿ ನಾವು ಆರಿಸಿಕೊಳ್ಳದ ಒಬ್ಬರ ಪಕ್ಕ ಮಲಗುತ್ತೇವೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ವಿಶ್ವವಿದ್ಯಾಲಯದಲ್ಲಿ ಯಾರಿಗೆ ಯಾರೆಂದು ನೋಡದೆ ಕೋಣೆ ಹಂಚಿದ್ದನ್ನು ಸಂಶೋಧಕರು ಅಧ್ಯಯನ ಮಾಡಿದ್ದಾರೆ. ಕಪ್ಪು ವಿದ್ಯಾರ್ಥಿಗಳ ಜೊತೆ ಇದ್ದ ಬಿಳಿಯರ ಪೂರ್ವಗ್ರಹ ಕಡಿಮೆಯಾಯಿತು. ಬೇರೆ ಜನಾಂಗದವರ ಜೊತೆ ಕೋಣೆ ಹಂಚಿಕೊಂಡ ಕಪ್ಪು ವಿದ್ಯಾರ್ಥಿಗಳ ಅಂಕ ಸುಧಾರಿಸಿತು. ಅಮ್ಮನ ಮೇಲೆ ಕೋಪ ಬೇಡ. ಮುಂದಿನ ಸಲ ಆ ಪ್ರಶ್ನೆ ಬಂದರೆ ರೂಮ್‌ಮೇಟ್ ಹೆಸರು ಹೇಳು, ಅವಳಿಗೆ ಯಾವ ಪಲ್ಯ ಇಷ್ಟ ಅಂತ ಹೇಳು.

ಮಾತಿನಿಂದ ಸರಿಹೋಗದ ಸಂಗತಿಗಳೂ ಇವೆ. ಹಣ ಕದಿಯುವುದು, ಕೈ ಮಾಡುವುದು, ಜಾತಿ ಹಿಡಿದು ಬೈಯುವುದು, ಮಲಗಿದ್ದಾಗ ಫೋಟೊ ತೆಗೆಯುವುದು. ಅಲ್ಲಿ ಹೊಂದಾಣಿಕೆಯ ಮಾತೇ ಇಲ್ಲ. ವಾರ್ಡನ್‌ಗೆ ಬರೆದು ಕೊಡಬೇಕು, ಒಂದು ಪ್ರತಿ ಇಟ್ಟುಕೊಳ್ಳಬೇಕು. ರ‍್ಯಾಗಿಂಗ್ ಆದರೆ 1800-180-5522ಕ್ಕೆ ಕರೆ ಮಾಡಬಹುದು. ನಿದ್ದೆಗೆಟ್ಟು ಮನಸ್ಸು ತೀರಾ ಕುಗ್ಗಿದರೆ 14416, ಅದು ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಿನ್ನ ಕಾಗದದಲ್ಲಿ ಅಂಥದ್ದೇನೂ ಕಾಣಲಿಲ್ಲ. ಆದರೂ ಓದುವವರಲ್ಲಿ ಬೇರೆ ಹುಡುಗಿಯರಿದ್ದಾರೆ, ಅವರಿಗಾಗಿ ಬರೆದೆ.

ಅವಳು ನಿನ್ನ ಗೆಳತಿಯಾಗಲೇಬೇಕು ಎಂದೇನೂ ಇಲ್ಲ. ನಾನು ಮತ್ತು ಬೀದರಿನ ಆ ಹುಡುಗಿ ಗೆಳತಿಯರಾದೆವು. ಮರುವರ್ಷ ನನ್ನ ಜೊತೆಗಿದ್ದವಳ ಹತ್ತಿರ ಊಟ, ನೀರು, ಲೈಟ್ ಬಿಟ್ಟು ಬೇರೆ ಮಾತೇ ಇರಲಿಲ್ಲ. ಆ ವರ್ಷವೂ ಚೆನ್ನಾಗಿಯೇ ನಿದ್ದೆ ಮಾಡಿದೆ.

ಪಿ.ಜಿ. ವಿಚಾರಕ್ಕೆ ಅಪ್ಪನಿಗೆ ಈಗಲೇ ಫೋನ್ ಮಾಡಬೇಡ. ಭಾನುವಾರ ಮಾತಾಡು, ಎರಡು ವಾರ ನೋಡು. ಆಗಲೂ ಬದಲಾಗದಿದ್ದರೆ ಕೋಣೆ ಬದಲಿಸಿಕೊಡಿ ಎಂದು ಅರ್ಜಿ ಕೊಡು. ಕೊಡುವ ಮುಂಚೆ ಅವಳಿಗೆ ತಿಳಿಸು. ನಾನು ಆ ಒಂದು ಕೆಲಸ ಮಾಡಿರಲಿಲ್ಲ.