ಕಚ್ಚುವುದು ಉಣುಗು, ಹೆಸರು ಮಂಗನದು
(ದನದ ಡಾಕ್ಟ್ರ ಉತ್ತರ: ಈ ಸಲ ಬಂದ ಪತ್ರಗಳೆಲ್ಲ ಮಂಗನ ಕಾಯಿಲೆಯವೇ, ಅಂದರೆ ಕಾಡಿನ ಉಣುಗು ಅಥವಾ ಉಣ್ಣೆ ಕಚ್ಚಿ ಬರುವ ಜ್ವರದವೇ)

ಪ್ರಶ್ನೆ: ನಮ್ಮ ಸೊಪ್ಪಿನಬೆಟ್ಟದಲ್ಲಿ ಒಂದು ಮುಸ್ಯ ಸತ್ತು ಬಿದ್ದಿದೆ. ಕೆಲವರು ಎಳೆದು ದೂರ ಹಾಕಿ ಎನ್ನುತ್ತಾರೆ. ಇನ್ನು ಕೆಲವರು, ಉಳಿದ ಮಂಗಗಳನ್ನೂ ಓಡಿಸಿದರೆ ಕಾಯಿಲೆಯ ಕಾಟವೇ ಇರುವುದಿಲ್ಲ ಎನ್ನುತ್ತಾರೆ. ಏನು ಮಾಡಲಿ ಡಾಕ್ಟ್ರೇ?
– ಅಡಿಕೆ ಬೆಳೆಗಾರರೊಬ್ಬರು, ಸಾಗರ ತಾಲ್ಲೂಕು

ಪತ್ರಿಕೆ ಅಚ್ಚಾಗಿ ನಿಮ್ಮ ಕೈ ಸೇರುವವರೆಗೆ ಕಾಯುವ ವಿಷಯ ಇದಲ್ಲ ಅಂತ ನಿಮಗೆ ಫೋನಿನಲ್ಲೇ ಹೇಳಿಬಿಟ್ಟೆ. ಇಲ್ಲಿ ಬರೆಯುವುದು ಉಳಿದವರಿಗಾಗಿ. ಹತ್ತಿರ ಹೋಗಬೇಡಿ, ಮುಟ್ಟಬೇಡಿ, ಎಳೆಯಬೇಡಿ, ನಾಯಿಯನ್ನೂ ಆ ಕಡೆ ಬಿಡಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ, ಆಶಾ ಕಾರ್ಯಕರ್ತೆಗೋ, ಫಾರೆಸ್ಟ್ ಗಾರ್ಡಿಗೋ ಸುದ್ದಿ ಮುಟ್ಟಿಸಿ. ಪರೀಕ್ಷೆಗೆ ಮಾದರಿ ತೆಗೆದು, ಹೆಣ ಸುಟ್ಟು, ಸುತ್ತ 50 ಅಡಿ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಹಾಕಿಸುವುದು ಅವರ ಕೆಲಸ.

50 ಅಡಿ ಯಾಕೆಂದರೆ, ಮಂಗನ ಮೈ ಬಿಸಿ ಇರುವ ತನಕ ಮಾತ್ರ ಉಣುಗಿಗೆ ಅಲ್ಲಿ ಊಟ. ಮೈ ತಣ್ಣಗಾಯಿತೋ, ಒಂದೊಂದೇ ಕಳಚಿಕೊಂಡು ಕೆಳಗಿನ ದರಕಿಗೆ, ಅಂದರೆ ಉದುರಿದ ಒಣ ಎಲೆಗಳಿಗೆ, ಇಳಿಯುತ್ತವೆ. ಆಮೇಲೆ ಅಲ್ಲಿ ಯಾರು ಕಾಲಿಟ್ಟರೂ ಅವಕ್ಕೆ ಸರಿಯೇ. ನಾನು ನೌಕರಿಗೆ ಸೇರಿದ ಹೊಸತರಲ್ಲಿ ಒಂದೂರಿನ ಹುಡುಗರು ಸತ್ತ ಮುಸ್ಯದ ಬಾಲಕ್ಕೆ ಬಳ್ಳಿ ಕಟ್ಟಿ, ಎಳೆದುಕೊಂಡು ಹೋಗಿ, ಪಕ್ಕದೂರಿನ ಹಳ್ಳಕ್ಕೆ ಎಸೆದು ಬಂದಿದ್ದರು. 'ಇನ್ನು ನಮ್ಮೂರಿಗೆ ತೊಂದ್ರೆ ಇಲ್ಲ ಸಾರ್' ಎಂದರು. ಎಳೆದದ್ದು ದಿನಾ ದನ ಹೊಡೆಯುವ ದಾರಿಯಲ್ಲಿ! ನಾನೂ ಆಗ ಒಳ್ಳೇದಾಯ್ತು ಅಂತ ತಲೆಯಾಡಿಸಿದ್ದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಇನ್ನು ಓಡಿಸುವ ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತಾಗ, ಹಳದಿ ಜ್ವರ ಬಂತೇನೋ ಎಂದು ವಿಜ್ಞಾನಿಗಳು ಮೊದಲು ಗಾಬರಿಯಾಗಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದರೆ ಇದು ಉಣುಗಿನಿಂದ ಹರಡುವ ಬೇರೆಯದೇ ವೈರಸ್. ಆದರೂ ಜನರ ಬಾಯಲ್ಲಿ 'ಮಂಗನ ಕಾಯಿಲೆ' ಎಂದೇ ನಿಂತಿತು. ಮಂಗನ ಪಾತ್ರವೇ ಇಲ್ಲ ಅಂತಲ್ಲ. ಅದರ ರಕ್ತದಲ್ಲಿ ಕೆಲವು ದಿನ ವೈರಸ್ ತುಂಬಿ ತುಳುಕುತ್ತದೆ, ಆಗ ರಕ್ತ ಹೀರಿದ ಉಣುಗು ಸೋಂಕು ಹೊತ್ತುಕೊಳ್ಳುತ್ತದೆ. ಆದರೆ ಕಾಯಿಲೆ ಬಂದ ಮಂಗ, ಅದರಲ್ಲೂ ಕರಿಮೋರೆಯ ಮುಸ್ಯ, ಹೆಚ್ಚಾಗಿ ಸತ್ತೇ ಹೋಗುತ್ತದೆ. ಇಲಿ, ಸೊಂಡಿಲಿಗಳಲ್ಲೂ ಉಣುಗುಗಳಲ್ಲೂ ವೈರಸ್ ಸದ್ದಿಲ್ಲದೆ ಓಡಾಡಿಕೊಂಡಿರುತ್ತದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಕಣ್ಣಿಗೆ ಬೀಳುವುದು ಮರದಿಂದ ಉದುರಿದ ಮಂಗ ಮಾತ್ರ. ಓಡಿಸಿದರೆ ಮೈಮೇಲಿನ ಉಣುಗಿನ ಸಮೇತ ಇನ್ನೊಬ್ಬರ ಬೆಟ್ಟಕ್ಕೆ ಹೋಗುತ್ತವೆ, ಅಷ್ಟೇ.

ಪ್ರಶ್ನೆ: ದನಕ್ಕೆ ಈ ಕಾಯಿಲೆ ಬರುವುದಿಲ್ಲವಂತೆ. ಹಾಗಿದ್ದ ಮೇಲೆ ದನವನ್ನು ಕಾಡಿಗೆ ಬಿಡಬೇಡಿ ಎಂದು ಇಲಾಖೆಯವರು ಹೇಳುವುದೇಕೆ? ಮನೆ ಬಾಗಿಲಲ್ಲಿ ಕಟ್ಟಿ ಸಾಕಲು ನಮ್ಮಿಂದಾಗದು.
– ಓದುಗರೊಬ್ಬರು, ತೀರ್ಥಹಳ್ಳಿ

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಕೊಟ್ಟಿಗೆಯಲ್ಲೇ ಕಟ್ಟಿ ಸಾಕಿ ಅಂತ ಹೇಳುವವರಾರೂ ಹುಲ್ಲಿನ ದುಡ್ಡು ಕೊಡುವುದಿಲ್ಲ. ಆದರೆ ಲೆಕ್ಕ ಹೀಗಿದೆ ನೋಡಿ. ನಮ್ಮ ಕಾಡಿನ ಈ ಉಣುಗಿಗೆ ಜೀವಮಾನದಲ್ಲಿ ಮೂರೇ ಊಟ: ಮರಿಯಾಗಿದ್ದಾಗ ಒಂದು, ಹರೆಯದಲ್ಲಿ ಒಂದು, ಬಲಿತ ಮೇಲೆ ಒಂದು. ಮೊದಲಿನೆರಡು ಇಲಿ, ಹಕ್ಕಿ, ಮಂಗ ಯಾವುದಾದರೂ ಆದೀತು. ಮೂರನೆಯದಕ್ಕೆ ದೊಡ್ಡ ಪ್ರಾಣಿಯೇ ಬೇಕು. ಮಳೆಗಾಲದಲ್ಲಿ ಹಸುವಿನ ಕಿವಿಯಲ್ಲೋ ಕೆಚ್ಚಲ ಸಂದಿಯಲ್ಲೋ ಹರಳುಬೀಜದಂತೆ ಊದಿಕೊಂಡಿರುತ್ತದಲ್ಲ, ಅದು ಬಸುರಿ. ಅಲ್ಲಿಂದ ಉದುರಿ ಎಲೆಯಡಿ ಸೇರಿ ಸಾವಿರಾರು ಮೊಟ್ಟೆ ಇಡುತ್ತದೆ. ಮಳೆ ನಿಂತ ಮೇಲೆ ಆರು ಕಾಲಿನ ಮರಿಗಳು, ಚಳಿಗಾಲ ಹಿಡಿಯುವಾಗ ಎಂಟು ಕಾಲಿನ ಹರೆಯದವು. ಮನುಷ್ಯರಿಗೆ ಕಾಯಿಲೆ ತರುವುದು ಹೆಚ್ಚಾಗಿ ಈ ಎರಡನೆಯ ಊಟದವೇ. ಜ್ವರದ ಹಂಗಾಮು ಡಿಸೆಂಬರಿಂದ ಮೇ ತನಕ ಇರುವುದು ಅದಕ್ಕೇ. ನಾವು ದರಕು ಗುಡಿಸಲು, ಸೌದೆ ತರಲು ಬೆಟ್ಟ ಹತ್ತುವುದೂ ಅದೇ ತಿಂಗಳುಗಳಲ್ಲಿ.

ಹಸುವಿನ ರಕ್ತದಲ್ಲಿ ವೈರಸ್ ಹೆಚ್ಚುವುದಿಲ್ಲ ಎನ್ನುವುದು ನಿಜ. ಅದು ವೈರಸ್ಸನ್ನು ಸಾಕುವುದಿಲ್ಲ, ಉಣುಗನ್ನು ಸಾಕುತ್ತದೆ.

ಒಮ್ಮೆ ಉಣುಗು ಸಂಗ್ರಹಿಸುವವರ ಜೊತೆ ನಾನೂ ಹೋಗಿದ್ದೆ. ಕೋಲಿಗೆ ಬಿಳಿ ಫ್ಲಾನೆಲ್ ಬಟ್ಟೆ ಕಟ್ಟಿ ನೆಲದ ಮೇಲೆ ಎಳೆಯುತ್ತಾ ನಡೆಯುವುದು, ಅಷ್ಟೇ ಕೆಲಸ. ಒಳಕಾಡಿನಲ್ಲಿ ಎಳೆದಾಗ ಬಟ್ಟೆ ಹೆಚ್ಚುಕಡಿಮೆ ಹಾಗೇ ಇತ್ತು. ದನ ಹೋಗುವ ಓಣಿಯಲ್ಲಿ ಹತ್ತು ಹೆಜ್ಜೆ ಎಳೆದು ತಿರುವಿ ನೋಡಿದರೆ ಮೆಣಸಿನ ಪುಡಿ ಉದುರಿಸಿದ ಹಾಗೆ! ನಾನು ಧೂಳು ಅಂದುಕೊಂಡು ಕೊಡವಲು ಕೈ ಹಾಕಿದೆ. ಜೊತೆಗಿದ್ದವರು ಕೈ ಹಿಡಿದುಕೊಂಡರು. ಧೂಳು ನಡೆಯುತ್ತಿತ್ತು.

ಆದ್ದರಿಂದ ಪೂರ್ತಿ ಕಟ್ಟಿಹಾಕಲು ಆಗದಿದ್ದರೆ ಮಂಗ ಸತ್ತ ಜಾಗದ ಕಡೆಗಂತೂ ಹೊಡೆಯಬೇಡಿ. ಪಶು ಆಸ್ಪತ್ರೆಯಲ್ಲಿ ಕೇಳಿ ಉಣುಗಿನ ಔಷಧಿ ಹಾಕಿಸಿ. ಹಾಲು ಕರೆಯುವ ಹಸು ಅಂತ ಮರೆಯದೆ ಹೇಳಿ, ಕೆಲವು ಔಷಧಿ ಅವಕ್ಕೆ ಕೊಡುವಂತಿಲ್ಲ.

ಪ್ರಶ್ನೆ: ಕ್ಯಾಸನೂರಿನ ಕಾಯಿಲೆ ಗೋವಾಕ್ಕೆ ಹೇಗೆ ಹೋಯಿತು?
– ವಿದ್ಯಾರ್ಥಿನಿ, ಶಿರಸಿ

ಗೋವಾಕ್ಕೆ ಮಾತ್ರ ಅಲ್ಲಮ್ಮ. 2012ರಲ್ಲಿ ಬಂಡೀಪುರ, ಆಮೇಲೆ ನೀಲಗಿರಿ, ವಯನಾಡು, 2015ರಲ್ಲಿ ಗೋವಾದ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ. ಪಶ್ಚಿಮ ಘಟ್ಟದುದ್ದಕ್ಕೂ ಈ ಉಣುಗಿದೆ. ಅದೇನೂ ಬಸ್ಸು ಹತ್ತಬೇಕಿಲ್ಲ, ಹಕ್ಕಿಯ ಮೈಮೇಲೆ ಕೂತು ಹೋಗಬಲ್ಲದು. ಆದರೆ ನನ್ನ ಅನುಮಾನ ಹೆಚ್ಚಾಗಿ ಕಾಡಿನ ಅಂಚಿನ ಮೇಲೆ. 1982-83ರ ಸುಮಾರಿಗೆ ಬೆಳ್ತಂಗಡಿಯಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದ ಬೆನ್ನಿಗೇ ದೊಡ್ಡ ಪಿಡುಗು ಎದ್ದು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಕಾಡು ತುಂಡಾದಷ್ಟೂ ಅಂಚು ಉದ್ದವಾಗುತ್ತದೆ. ಇಲಿ, ಮಂಗ, ದನ, ಮನುಷ್ಯ ಎಲ್ಲರೂ ಎದುರುಬದುರಾಗುವುದು ಅಲ್ಲೇ.

ಪ್ರಶ್ನೆ: ಅಮ್ಮ ಹಿಂದೆ ಎರಡು ಲಸಿಕೆ ಹಾಕಿಸಿಕೊಂಡಿದ್ದರು. ಸಾಕೇ?
– ಹೊಸನಗರದಿಂದ

ಅದನ್ನು ನಂಬಿ ಬೆಟ್ಟಕ್ಕೆ ಹೋಗುವುದು ಬೇಡ. ಎರಡು ಡೋಸಿನ ಮೇಲೆ ಬೂಸ್ಟರ್ ಹಾಕಿಸುತ್ತಲೇ ಇರಬೇಕಿತ್ತು. ಶಕ್ತಿ ಸಾಲದೆಂದು ಆ ಲಸಿಕೆಯನ್ನೇ 2022ರಲ್ಲಿ ನಿಲ್ಲಿಸಿದರು. ಹೋಗಲೇಬೇಕಾದರೆ ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿ, ಮೈತುಂಬ ಬಟ್ಟೆ ಹಾಕಿಕೊಂಡು ಹೋಗಲಿ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈ ಸೋಪಿಗೆ. ಉಣುಗು ಕಚ್ಚಿಕೊಂಡಿದ್ದರೆ ಬೀಡಿ ತಾಗಿಸುವುದು, ಸೀಮೆಎಣ್ಣೆ ಬಿಡುವುದು ಏನೂ ಬೇಡ. ಚಿಮುಟದಲ್ಲಿ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರವಾಗಿ, ನಿಧಾನಕ್ಕೆ ಎಳೆಯಿರಿ, ಹಿಸುಕಬೇಡಿ. ಮುಂದಿನ ವಾರ-ಹತ್ತು ದಿನದೊಳಗೆ ಇದ್ದಕ್ಕಿದ್ದಂತೆ ಜ್ವರ, ಹಣೆನೋವು, ಮೈ ಜಜ್ಜಿದಂಥ ನೋವು, ಕಣ್ಣು ಕೆಂಪು ಕಂಡರೆ ಡಾಕ್ಟರಿಗೆ 'ಬೆಟ್ಟಕ್ಕೆ ಹೋಗಿದ್ದೆ' ಅಂತಲೇ ಮಾತು ಶುರು ಮಾಡಿ. ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ಮರುಕಳಿಸಿದರೆ ಮತ್ತೆ ಹೋಗಬೇಕು. ಆಗ ಮಿದುಳಿಗೆ ತೊಂದರೆ ಕೊಡುವುದುಂಟು.

ಪ್ರಶ್ನೆ: ಉಣುಗು ಹತ್ತಿದ ಹಸುವಿನ ಹಾಲು ಕುಡಿಯಬಹುದೇ?
– ಸಿದ್ದಾಪುರದಿಂದ

ಕುಡಿಯಿರಿ. ಹಾಲಿನಿಂದ ಈ ಕಾಯಿಲೆ ಹರಡಿದ್ದಕ್ಕೆ ಪುರಾವೆ ಇಲ್ಲ. ಕಾಸಿಯೇ ಕುಡಿಯಿರಿ ಎನ್ನುವುದು ಬೇರೆ ಕಾಯಿಲೆಗಳಿಗಾಗಿ. ಕರೆಯುವ ಮುಂಚೆ ಕೆಚ್ಚಲ ಸಂದಿಯಲ್ಲಿ ಒಮ್ಮೆ ಬೆರಳಾಡಿಸಿ ನೋಡಿ. ಸಿಕ್ಕಿದ್ದನ್ನು ಉಗುರಲ್ಲಿ ಕುಕ್ಕಬೇಡಿ, ಸೋಪಿನ ನೀರಿಗೆ ಹಾಕಿ.